ಮಾಮನ ಎಂಜಿನ್‌ಗೆ ಯಾವ ಹಸಿರು

ಎಂಜಿನ್ ಕೆಂಪಾಗಿ ಬರಬಹುದಿತ್ತು. ಪಂಪ್‌ವೆಲ್‌ನ ಪೈಂಟರಿಗೆ ಕೆಂಪೆಂದರೆ ಅಷ್ಟು ಪ್ರೀತಿ. ಹಸಿರೇ ಬಂದರೂ ಅದು ಸಿಟಿ ಬಸ್ಸಿನ ಹಸಿರಾಗಬಹುದಿತ್ತು. ಬಣ್ಣ ಸರಿಯಾಗಿಯೇ ಬಂದು, ಎಂಜಿನ್ ಕಾದ ಕೂಡಲೇ ಹಪ್ಪಳದ ಹಾಗೆ ಗುಳ್ಳೆ ಏಳಬಹುದಿತ್ತು. ದುಬಾಯಿಯಿಂದ ಬರಬೇಕಾದ ಡಬ್ಬವನ್ನು ಬೊಂಬಾಯಿಯ ಕಸ್ಟಮ್ಸಿನವರು ಹಿಡಿದಿಟ್ಟುಕೊಳ್ಳಬಹುದಿತ್ತು. ಡಬ್ಬ ತಂದವನನ್ನೂ. ಮಾಮ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಮದ್ದಿನ ವಾಸನೆ ಮೂಗಿಗೆ ಬಡಿದದ್ದೇ ತಿರುಗಿ ನಿಂತು, ಮಣ್ಣಗುಡ್ಡಕ್ಕೆ ರಿಕ್ಷಾ ಹಿಡಿಯಬಹುದಿತ್ತು. ಡಾಕ್ಟರು ಕಣ್ಣಿನ ಹತ್ತಿರ ಕೈ ತಂದ ಹೊತ್ತಿಗೆ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದು ಮಾಮನಿಗೆ ಕೆಮ್ಮು ಬರಬಹುದಿತ್ತು. ಮಾಮನಿಗೆ ಬರದೆ ಡಾಕ್ಟರಿಗೇ ಬರಬಹುದಿತ್ತು. ಎಲ್ಲ ಸುಸೂತ್ರವಾಗಿ ನಡೆದು, ಕಣ್ಣು ಬಂದು, ಆ ಕಣ್ಣಿಗೆ ಎಂಜಿನ್ನಿನ ಬಣ್ಣ ಬೇರೆಯಾಗಿ ಕಂಡು, "ನನ್ನ ಕಣ್ಣು ಹಾಳು ಮಾಡಿದ್ರು" ಎಂದು ಮಾಮ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡಬಹುದಿತ್ತು. ನನ್ನ ನಿದ್ದೆ ಕೆಡಿಸಿದ್ದು ಮುಖ್ಯವಾಗಿ ಈ ಕೊನೆಯದ್ದು.

ಇವುಗಳಲ್ಲಿ ಯಾವುದೂ ಆಗಲಿಲ್ಲ. ಆದದ್ದು ಬೇರೆ. ಅದು ಬಹಳ ಸಣ್ಣದು, ಮತ್ತು ನಾನು ಅದನ್ನು ಊಹಿಸಿರಲಿಲ್ಲ. ಊಹಿಸಲಿಲ್ಲವಲ್ಲ ಎಂಬ ಬೇಸರ ನನಗೆ ಇವತ್ತಿಗೂ ಇದೆ.

ಚಿಂತೆ ನನ್ನ ಸ್ವಭಾವವೋ ಉದ್ಯೋಗವೋ ಎಂದು ಖಚಿತವಾಗಿ ಹೇಳಲಾರೆ. ನಾನು ವಿಮಾ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದೆ. ಬೆಂಕಿ, ನೆರೆ, ಸಿಡಿಲು, ಗಲಭೆ, ಹಡಗು ಮುಳುಗುವುದು, ಇವನ್ನೆಲ್ಲ ಬೆಳಗ್ಗಿನಿಂದ ಸಂಜೆವರೆಗೆ ಟೈಪ್ ಮಾಡುವವನಿಗೆ ಮನೆಗೆ ಬಂದ ಮೇಲೆ ಗ್ಯಾಸಿನ ಒಲೆ ಸುಮ್ಮನೆ ಒಲೆಯಾಗಿ ಕಾಣುವುದಿಲ್ಲ. ನಲವತ್ತು ದಾಟಿದ ಮೇಲೆ ಈ ರೋಗ ಇನ್ನೂ ಹೆಚ್ಚಾಯಿತು. "ನೀನು ಹುಟ್ಟುವಾಗಲೂ ಹಿಂದೆ ಮುಂದೆ ನೋಡಿಯೇ ಹುಟ್ಟಿದ್ದು. ನಿನ್ನ ಅಮ್ಮನಿಗೆ ಅದಕ್ಕೇ ಅಷ್ಟು ಹೊತ್ತು ಹಿಡಿದದ್ದು" ಎಂದು ಮಾಮ ಹೇಳುತ್ತಿದ್ದರು.

ಮಾಮ ಎಂದರೆ ನನ್ನ ಅಮ್ಮನ ಅಣ್ಣ. ನಮ್ಮ ತುಳುವರ ಕುಟುಂಬದಲ್ಲಿ ಅಳಿಯಕಟ್ಟು. ಆಸ್ತಿ ಅಪ್ಪನಿಂದ ಮಗನಿಗಲ್ಲ, ಮಾವನಿಂದ ಸೋದರಳಿಯನಿಗೆ. ಅದು ಕಾನೂನಿನ ಪುಸ್ತಕದಿಂದ ಹೋಗಿ ಎಷ್ಟೋ ಕಾಲವಾಗಿತ್ತು. ಗದ್ದೆಗಳೂ ಎಪ್ಪತ್ತರ ದಶಕದ ಭೂಸುಧಾರಣೆಯ ಡಿಕ್ಲರೇಶನಿನಲ್ಲಿ ಉಳುವವರಿಗೆ ಹೋದವು. ಮಾಮನ ಬಳಿ ಉಳಿದದ್ದು ಹಂಪನಕಟ್ಟೆಯ ಹತ್ತಿರದ ಒಂದು ಊಟದ ಹೋಟೆಲು, ಮಣ್ಣಗುಡ್ಡದ ಮನೆ ಮತ್ತು ಒಂದು ಅಂಬಾಸಡರ್ ಕಾರು. ಹೋಟೆಲು ಅವರ ಮಗ ನೋಡಿಕೊಳ್ಳುತ್ತಿದ್ದ. ಅಳಿಯಕಟ್ಟಿನಲ್ಲಿ ನನ್ನ ಪಾಲಿಗೆ ಬಂದದ್ದು ಮಾಮನ ಚಿಂತೆ ಮಾತ್ರ. ಅದನ್ನು ಯಾರೂ ಕೋರ್ಟಿಗೆ ಹೋಗಿ ಕಿತ್ತುಕೊಳ್ಳಲಿಲ್ಲ.

ಆ ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾದು ತರಿಸಿದ್ದು. ಬಂದ ದಿವಸ ಮಾಮ ಸೀಟಿನಲ್ಲಿ ಕೂರಲಿಲ್ಲ, ಹಾರ್ನ್ ಒತ್ತಲಿಲ್ಲ. ಮೊದಲು ಬಾನೆಟ್ ಎತ್ತಿದರು. ಒಳಗೆ ಹಸಿರು ಬಣ್ಣದ ಎಂಜಿನ್, ಮದುಮಗಳ ಹಾಗೆ ತಲೆ ತಗ್ಗಿಸಿ ಕೂತಿತ್ತು. ಅದಾದ ಮೇಲೆ ಮನೆಗೆ ಯಾರೇ ಬರಲಿ, ಕಾಫಿಗೆ ಮುಂಚೆ ಬಾನೆಟ್ ದರ್ಶನ. ಹೆಣ್ಣು ನೋಡಲು ಬಂದವರಿಗೂ ಅವರು ಮೊದಲು ಎಂಜಿನ್ ತೋರಿಸಿದ್ದುಂಟು. ಹತ್ತು ಹನ್ನೆರಡು ವರ್ಷ ಕಳೆಯುವಾಗ ಎಣ್ಣೆ, ಧೂಳು, ಮಳೆಗಾಲದ ಕೆಸರು ಎಲ್ಲ ಸೇರಿ ಎಂಜಿನ್ ದೋಸೆಯ ಕಾವಲಿಯ ತಳದ ಹಾಗೆ ಆಯಿತು. ಮಾಮ ಅದನ್ನು ಗಮನಿಸಲಿಲ್ಲ. ಅಷ್ಟರಲ್ಲಿ ಅವರ ಕಣ್ಣೂ ಹಾಗೆಯೇ ಆಗಿತ್ತು.

ಅವರಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಹೋದದ್ದು. ಉಳಿದ ಬಲಗಣ್ಣಿನಲ್ಲೇ ಅವರು ಇಷ್ಟು ವರ್ಷ ಕಾರು ಓಡಿಸಿದ್ದು, ಅದೂ ವಿಮೆಯವನಾದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಈಗ ಆ ಕಣ್ಣಿಗೆ ಪೊರೆ ಬಂತು. ಮೊದಲು ಪೇಪರು ಬಿಟ್ಟರು, ಆಮೇಲೆ ಸ್ಟಿಯರಿಂಗು ಬಿಟ್ಟರು, ಆಮೇಲೆ ಹೋಟೆಲಿನ ಗಲ್ಲಾ. ಕೊನೆಗೆ ಜಗಲಿಯ ಕುರ್ಚಿಯಲ್ಲಿ ಕೂತು, ಗೇಟಿನ ಶಬ್ದ ಕೇಳಿ ಬಂದವರು ಯಾರೆಂದು ಹೇಳುವ ಸ್ಥಿತಿಗೆ ಬಂದರು. ಡಾಕ್ಟರು, ಆಪರೇಷನ್ ಮಾಡಿದರೆ ಕಾಣುತ್ತದೆ, ಬಿಟ್ಟರೆ ಇಷ್ಟೂ ಇರುವುದಿಲ್ಲ ಎಂದರು.

"ಇರುವುದು ಒಂದು ಕಣ್ಣು. ಅದಕ್ಕೂ ಚೂರಿ ಹಾಕ್ಸು ಅಂತ ಹೇಳ್ತೀಯಾ ನೀನು?" ಮಾಮ ನನ್ನ ಕಡೆ ತಿರುಗಿದರು. ನಾನು ತೂಗುಹಾಕಿದ ಅಂಗಿಯ ಪಕ್ಕ ನಿಂತಿದ್ದೆ. ಅವರು ತಿರುಗಿದ್ದು ಅಂಗಿಯ ಕಡೆಗೆ.

"ಕಾಣದ ಕಣ್ಣು ಇಟ್ಕೊಂಡು ಎಂತ ಉಪ್ಪಿನಕಾಯಿ ಹಾಕ್ಲಿಕ್ಕೆ ಉಂಟಾ?" ಎಂದರು ಮಾಮಿ ಒಳಗಿನಿಂದ.

ಈ ಒಂದು ವಿಷಯದಲ್ಲಿ ಮಾಮನ ಹೆದರಿಕೆ ಸರಿಯಾದ ಹೆದರಿಕೆ ಎಂದು ನನಗೆ ಅನಿಸಿತ್ತು. ಎರಡು ಕಣ್ಣಿದ್ದವನು ಒಂದನ್ನು ಪಣಕ್ಕಿಡಬಹುದು. ಇವರಿಗೆ ತಪ್ಪಿದರೆ ಪೂರ್ತಿ ಕತ್ತಲೆ.

ಕೆಲವು ವಾರ ಹಟ ಹಿಡಿದು, ಒಂದು ಬೆಳಗ್ಗೆ ತಾವಾಗಿಯೇ ಹೇಳಿದರು: "ಆಯ್ತು, ಮಾಡಿಸ್ತೇನೆ. ಆದ್ರೆ ಒಂದು ಮಾತು. ಹೊಸ ಕನ್ನಡಕ ಹಾಕಿ ನಾನು ಮೊದಲು ನೋಡುವುದು ನನ್ನ ಎಂಜಿನ್. ಬಂದ ದಿವಸ ಹೇಗೆ ಇತ್ತೋ ಹಾಗೆ. ಆ ಹಸಿರು ಕಂಡ್ರೆ ಕಣ್ಣು ಬಂತು ಅಂತ. ಇಲ್ಲದಿದ್ರೆ ಡಾಕ್ಟರು ಎಂತ ಹೇಳಿದ್ರೂ ನಾನು ನಂಬುವುದಿಲ್ಲ."

"ಮತ್ತೆ ನನ್ನ ಮುಖ?" ಎಂದರು ಮಾಮಿ.

"ನಿನ್ನ ಮುಖ ನನಗೆ ಬಾಯಿಪಾಠ ಉಂಟು."

ಮಾಮಿಗೆ ಕೋಪ ಬರಲಿಲ್ಲ. ಒಳಗೆ ಹೋಗಿ ಅವರು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಮಾಮ ಒಪ್ಪಿದರಲ್ಲ, ಅವರಿಗೆ ಅಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ. ಆ ಹಸಿರು ಯಾವುದೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ನಾನು ತಪ್ಪು ಹಸಿರು ಹಚ್ಚಿಸಿದರೆ ಮಾಮ 'ಬಣ್ಣ ತಪ್ಪಿತು' ಎನ್ನುವವರಲ್ಲ, 'ಕಣ್ಣು ತಪ್ಪಿತು' ಎನ್ನುವವರು. ಕಣ್ಣು ಕೊಡುವುದು ಡಾಕ್ಟರ ಕೆಲಸವಾದರೆ, ಅದು ಬಂದಿದೆ ಎಂದು ನಂಬಿಸುವ ಕೆಲಸ ನನ್ನದಾಯಿತು.

ಎಂಜಿನ್ ಹೇಗೂ ಬಿಚ್ಚಿ ರಿಪೇರಿ ಮಾಡಿಸಬೇಕಿತ್ತು. ಕಾರನ್ನು ಪಂಪ್‌ವೆಲ್‌ನ ಒಂದು ಗ್ಯಾರೇಜಿಗೆ ಎಳೆಸಿದೆ. ಅಲ್ಲಿನ ಪೈಂಟರು ಮೂಲತಃ ಬಸ್ಸಿನ ಪೈಂಟರು. "ನಾನು ಪೈಂಟ್ ಮಾಡಿದ ಬಸ್ಸಿಗೆ ಜನ ಸ್ಟಾಪ್ ಇಲ್ಲದ ಕಡೆ ಕೈ ಅಡ್ಡ ಹಿಡೀತಾರೆ" ಎನ್ನುವುದು ಆತನ ಮಾತು. ಎಂಜಿನ್‌ಗೆ ಬಣ್ಣ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಬಾನೆಟ್ ಒಳಗೆ ಇರುವ ವಸ್ತುವಿಗೆ ಬಣ್ಣ ಎಂತಕ್ಕೆ ಅಣ್ಣೆರೆ? ಬನಿಯನಿಗೆ ಇಸ್ತ್ರಿ ಹಾಕಿದ ಹಾಗೆ."

"ಹಾಕಬೇಕು. ಹಸಿರು."

"ಕೆಂಪು ಹಾಕುವ. ಕೆಂಪು ಹಾಕಿ, ಅಂಚಿಗೆ ಒಂದು ಹಳದಿ ಪಟ್ಟಿ. ಮೇಲೆ ಮುಚ್ಚಳ ಉಂಟಲ್ಲ, ಅದರಲ್ಲಿ ಎರಡು ಹಂಸ."

ಹಂಸಗಳನ್ನು ಓಡಿಸಲು ಸಾಕುಸಾಕಾಯಿತು. ಕೊನೆಗೆ ಆತ ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಎಂಜಿನ್ ತಿಕ್ಕಿದ. ಕಪ್ಪು ನೀರು ಇಳಿಯಿತು, ಅದರ ಹಿಂದೆ ಹಸಿರು ಇಣುಕಿತು. ಆದರೆ ಡೈನಮೋ ಕೂರುವ ಜಾಗದಲ್ಲಿ ಕಂಡದ್ದು ಕಡು ಹಸಿರು. ಎಂಜಿನ್ನಿನ ತಲೆಯ ಹತ್ತಿರ, ಬಿಸಿ ತಿಂದ ಕಡೆ, ಅದು ಬೆಂದ ಸೊಪ್ಪಿನ ಕಂದು ಹಸಿರು. ತಲೆಯ ಮೇಲಿನ ತಗಡಿನ ಮುಚ್ಚಳಕ್ಕೆ ಟ್ಯಾಪೆಟ್ ಕವರ್ ಎನ್ನುತ್ತಾರೆ. ಅದರ ಮಡಿಕೆಯೊಳಗೆ ಉಳಿದದ್ದು ಇನ್ನೊಂದೇ ಹಸಿರು, ತಿಳಿಯಾದದ್ದು.

"ಹಸಿರು ಬೇಕಾದಷ್ಟು ಉಂಟು. ನಿಮಗೆ ಯಾವುದು ಆಗಬೇಕು ಹೇಳಿ" ಎಂದು ಪೈಂಟರು ಬೀಡಿ ಹಚ್ಚಿದ.

ನಾನು ಮಾಮನನ್ನೇ ಕೇಳಿದೆ. ಹೋಟೆಲಿನವರಲ್ಲವೇ, ಅವರ ಬಣ್ಣಗಳೆಲ್ಲ ತರಕಾರಿಯ ಬುಟ್ಟಿಯಲ್ಲೇ ಇದ್ದವು.

"ಕೆಸುವಿನ ಎಲೆ ಉಂಟಲ್ಲ, ಆ ಬಣ್ಣ."

"ಯಾವ ಕೆಸು ಮಾಮ?"

"ಪತ್ರೊಡೆಗೆ ಹಾಕುವುದು ಮಾರಾಯ. ಮೊದಲ ಮಳೆಗೆ ಬರುವ ಎಲೆ ಅಲ್ಲ, ಅದು ತೀರ ಎಳತ್ತು. ಆಟಿ ತಿಂಗಳಲ್ಲಿ ಬಲಿತು ಬರ್ತದಲ್ಲ, ಅದು. ಮೇಲಿನ ಬದಿ. ಅಡಿ ಅಲ್ಲ."

"ಒದ್ದೆ ಇರುವಾಗಿನ ಬಣ್ಣವಾ, ಒಣಗಿದ್ದಾ?"

ಮಾಮ ನಿಟ್ಟುಸಿರು ಬಿಟ್ಟರು. "ಕೆಸುವಿನ ಎಲೆ ಯಾವತ್ತಾದ್ರೂ ಒದ್ದೆ ಆಗ್ತದಾ? ನೀರು ನಿಲ್ತದಾ ಅದರ ಮೇಲೆ? ಎಂತ ಅಳಿಯನಪ್ಪಾ ನನಗೆ ಸಿಕ್ಕಿದ್ದು!"

ಮರುದಿನ ಹಿತ್ತಲಿನಿಂದ ಒಂದು ಒಳ್ಳೆಯ ಎಲೆ ಕೊಯ್ದು, ಪೇಪರಿನಲ್ಲಿ ಸುತ್ತಿ, ಬಂದರಿಗೆ ಹೋದೆ. ಬಂದರಿನಲ್ಲಿ ಮಾಮನ ಹಳೆಯ ಸ್ನೇಹಿತರೊಬ್ಬರ ಪೈಂಟಿನ ಅಂಗಡಿ. ಅವರು ಬ್ಯಾರಿಗಳು, ಹಜ್ ಮುಗಿಸಿ ಬಂದವರು. ನಾವೆಲ್ಲ ಅವರನ್ನು ಹಾಜಿಯವರೇ ಎನ್ನುತ್ತಿದ್ದೆವು. ಮಾಮನನ್ನು ಅವರು ಧಣಿ ಎಂದು ಕರೆಯುತ್ತಿದ್ದರು. ಗದ್ದೆ ಹೋದ ಮೇಲೆ ಆ ಧಣಿಯಲ್ಲಿ ಗೌರವಕ್ಕಿಂತ ತಮಾಷೆ ಹೆಚ್ಚಾಗಿತ್ತು, ಪ್ರೀತಿ ಮೊದಲಿನಷ್ಟೇ ಇತ್ತು. ಬಸ್ಸಿನ ನೂಕುನುಗ್ಗಲಿನಲ್ಲಿ ಎಲೆ ಬಾಡಿತ್ತು, ನನ್ನ ಅಂಗೈ ತುರಿಸುತ್ತಿತ್ತು.

"ಬನ್ನಿ ಬನ್ನಿ ಅಳಿಯಂದ್ರು. ಇದು ಎಂತ ಕೈಯಲ್ಲಿ? ಧಣಿಗಳು ಪೈಂಟ್ ತರ್ಲಿಕ್ಕೆ ಕಳಿಸಿದ್ದಾ, ಪತ್ರೊಡೆಗೆ ಹುಳಿ ತರ್ಲಿಕ್ಕೆ ಕಳಿಸಿದ್ದಾ?"

ನಾನು ವಿಷಯ ಹೇಳಿದೆ. ಅವರು ನಗು ನಿಲ್ಲಿಸಿದರು. ಆಮೇಲೆ ಅಂಗಡಿಯ ಅರ್ಧ ಸಾಮಾನು ಮೇಜಿನ ಮೇಲೆ ಬಂತು.

ಗೇಟು, ಕಿಟಕಿ ಸರಳಿಗೆ ಹೊಡೆಯುವ ಎನಾಮಲ್‌ನಲ್ಲಿ ಬೇಕಾದಷ್ಟು ಹಸಿರಿತ್ತು. ಆದರೆ ಬಿಸಿ ಎಂಜಿನ್ ಮೇಲೆ ಅದು ಮೊದಲು ನಾರುತ್ತದೆ, ಆಮೇಲೆ ಕಂದುತ್ತದೆ. ಬಿಸಿ ತಡೆಯುವ ಪೈಂಟು ಬೇಕೆಂದರೆ ಅಲ್ಯುಮಿನಿಯಂ ಬಣ್ಣದ್ದು ಅಥವಾ ಕಪ್ಪು. "ಅಲ್ಯುಮಿನಿಯಂ ಹಚ್ಚಿದ್ರೆ ಧಣಿಗಳು ಬಾನೆಟ್ ಎತ್ತಿ, ಇದರಲ್ಲಿ ಸಾಂಬಾರು ಎಷ್ಟು ಉಂಟು ಅಂತ ಕೇಳ್ತಾರೆ." ಕರೆಂಟಿನ ಮೀಟರು ಪೆಟ್ಟಿಗೆಯ ಮೇಲೆ ಇರುವಂಥ, ಸುತ್ತಿಗೆಯಿಂದ ತಟ್ಟಿದ ಹಾಗೆ ಕಾಣುವ ಪೈಂಟು ಇತ್ತು; ಮೀಟರಿನ ಹಾಗೆಯೇ ಕಾಣುತ್ತಿತ್ತು. ಕಪಾಟು ಮಾಡುವವರ ಭಟ್ಟಿಯಲ್ಲಿ ಬೇಯಿಸಿ ಗಟ್ಟಿ ಮಾಡುವ ಸ್ಟೋವ್ ಎನಾಮಲ್ ಇತ್ತು; ಆದರೆ ಅದಕ್ಕೆ ತಗಡಿನ ಮುಚ್ಚಳವನ್ನು ಒಯ್ಯಬಹುದು, ಇಡೀ ಎಂಜಿನ್ನನ್ನು ಯಾರು ಹೊರುವುದು? ಬೊಂಬಾಯಿಯಲ್ಲಿ ಈಗ ಬಣ್ಣದ ಪುಡಿಯನ್ನೇ ಎರಚಿ ಬೇಯಿಸುವ ಹೊಸ ಉಪಾಯ ಬಂದಿದೆಯಂತೆ ಎಂದರು ಹಾಜಿಯವರು. ನನಗೆ ಕಂಡದ್ದು ಮೀನಿಗೆ ಮೆಣಸಿನ ಪುಡಿ ಸವರುವ ಮಾಮಿಯ ಕೈ. ಬೇಡವೆಂದೆ.

"ಹಾಗಾದ್ರೆ ದುಬಾಯಿಯೇ ಗತಿ. ನನ್ನ ಅಳಿಯ ಮುಂದಿನ ತಿಂಗಳು ಬರ್ತಾನೆ. ಅಲ್ಲಿ ಎಂಜಿನ್‌ಗೇ ಅಂತ ಹಸಿರು ಸಿಗ್ತದೆ. ಬಿಸಿಗೆ ಎಂತ ಆಗುದಿಲ್ಲ. ಬರೀತೇನೆ."

ಅಲ್ಲಿಗೆ ಸಮಾಧಾನವಾಗಬೇಕಿತ್ತು. ಆದರೆ ಹಾಜಿಯವರು ಚಹಾ ತರಿಸಿ, ನನ್ನನ್ನು ಸಮಾಧಾನ ಮಾಡಲು ಹೋಗಿ, ತಮ್ಮ ಕಣ್ಣಿನ ಕಥೆ ಹೇಳಿದರು. ಅವರಿಗೂ ಪೊರೆ ತೆಗೆಸಿ ಆಗಿತ್ತು.

"ಎಂತ ಹೆದರಿಕೆ ಇಲ್ಲ. ನನಗೆ ಮಾಡಿದ ಮೇಲೆ ಸ್ವಲ್ಪ ದಿವಸ ಎಲ್ಲ ನೀಲಿ ಕಾಣ್ತಿತ್ತು, ಅಷ್ಟೇ."

"ನೀಲಿಯಾ?"

"ಬಟ್ಟೆಗೆ ಹಾಕುವ ನೀಲಿ ಇಲ್ವಾ? ಇಡೀ ಬಂದರನ್ನು ಅದರಲ್ಲಿ ಮುಳುಗಿಸಿ ತೆಗೆದ ಹಾಗೆ. ಒಬ್ಬನಿಗೆ ಹಸಿರು ಅಂತ ನೀಲಿ ಕಟ್ಟಿ ಕಳಿಸಿದ್ದೆ. ಅವನ ಮನೆ ಬಾಗಿಲು ಈಗಲೂ ಹಾಗೇ ಉಂಟು."

ಹೊಸ ಕಣ್ಣಿಗೆ ಎಲ್ಲವೂ ನೀಲಿ ಹೊಡೆಯುವುದಾದರೆ ಕೆಸುವಿನ ಹಸಿರು ಮಾಮನಿಗೆ ಕೆಸುವಾಗಿ ಕಾಣುವುದಿಲ್ಲ. ಹಾಗಾದರೆ ಪೈಂಟಿಗೆ ಮೊದಲೇ ಸ್ವಲ್ಪ ಹಳದಿ ಬೆರೆಸಿದರೆ? ಆ ಹಳದಿಯನ್ನು ಈ ನೀಲಿ ನುಂಗಿ ಲೆಕ್ಕ ಸರಿಯಾಗಬಹುದು. ಆದರೆ ನೀಲಿ ಹೋದ ಮೇಲೆ? ಆಗ ಎಂಜಿನ್ ಕಾಮಾಲೆ ಬಂದವರ ಹಾಗೆ ಕಾಣುತ್ತದೆ. ಹಾಗಾದರೆ ಮೊದಲು ಹಳದಿ ಬೆರೆಸಿದ್ದು, ಎರಡು ತಿಂಗಳ ಮೇಲೆ ಗುಟ್ಟಾಗಿ ಬೆರೆಸದ್ದು... ಇದನ್ನೆಲ್ಲ ನಾನು ಬಾಯಿಬಿಟ್ಟೇ ಹೇಳುತ್ತಿದ್ದೆ ಎಂದು ಗೊತ್ತಾದದ್ದು ಹಾಜಿಯವರು ಲೋಟ ಕೆಳಗಿಟ್ಟಾಗ.

"ಅಳಿಯಂದ್ರೇ, ಎಂಜಿನ್ ಹಾಗೇ ಇರ್ಲಿ. ನಿಮ್ಮ ತಲೆಯನ್ನು ಒಮ್ಮೆ ಬಿಚ್ಚಿ ಸೀಮೆಎಣ್ಣೆ ಹಾಕಿ ತೊಳೀಬೇಕು."

ಹಳದಿ ಬೆರೆಸುವುದು ಬೇಡವೆಂದು ತೀರ್ಮಾನವಾಯಿತು. ಇದ್ದದ್ದು ಇದ್ದ ಹಾಗೆ. ಮಾಮನಿಗೆ ಮೊದಲೇ ಈ ನೀಲಿಯ ವಿಷಯ ತಾವೇ ಹೇಳುವುದಾಗಿ, ನಾನು ಹೇಳಿದರೆ ಆಪರೇಷನ್ನೇ ನಿಂತೀತೆಂದು ಹಾಜಿಯವರು ಹೇಳಿದರು. ಅದು ನಿಜವೂ ಆಗಿತ್ತು.

ಡಬ್ಬ ಬಂತು. ಕಸ್ಟಮ್ಸಿನವರು ಅದನ್ನು ಕಣ್ಣೆತ್ತಿ ನೋಡಲಿಲ್ಲವಂತೆ. ಅವರಿಗೆ ಹಾಜಿಯವರ ಅಳಿಯನ ಟೇಪ್ ರೆಕಾರ್ಡರಿನ ಮೇಲೆ ಕಣ್ಣು. ಡಬ್ಬದ ಮೇಲೆ ಸುತ್ತಲೂ ಅರಬ್ಬಿಯಲ್ಲಿ ಬರೆದಿತ್ತು. ಎಷ್ಟು ಸಣ್ಣ ಅಕ್ಷರವಾದರೂ ಬಿಡದೆ ಓದುವುದು ನನ್ನ ವೃತ್ತಿ. ಇಲ್ಲಿ ಕೈ ಕಟ್ಟಿಹೋಯಿತು. ಹಾಜಿಯವರು ಕನ್ನಡಕ ಸರಿಪಡಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಸ್ಪಷ್ಟವಾಗಿ, ಬಹಳ ಇಂಪಾಗಿ ಓದಿದರು.

"ಅರ್ಥ?" ಎಂದೆ.

"ಅರ್ಥ ನನಗೆ ಎಲ್ಲಿಂದ ಬರ್ಬೇಕು? ಓದ್ಲಿಕ್ಕೆ ಕಲಿಸಿದ್ದಾರೆ. ಪೈಂಟಿನ ಅರಬ್ಬಿ ಬೇರೆ."

"ನಿಮ್ಮ ಅಳಿಯನಿಗೆ?"

"ಅವ ಅಲ್ಲಿ ಹಣ್ಣಿನ ಅಂಗಡಿಯಲ್ಲಿರುವುದು. ಕಿತ್ತಳೆ, ಸೇಬು ಇಷ್ಟು ಗೊತ್ತುಂಟು."

ಹೊಸದೊಂದು ಕೆಸುವಿನ ಎಲೆಯ ಪಕ್ಕ ಇಟ್ಟು, ಅಂಗಡಿಯ ಮೆಟ್ಟಿಲ ಮೇಲೆ, ಬಿಸಿಲಿನಲ್ಲಿ ನೋಡಿದೆವು. ಒಂಚೂರು ತಿಳಿ ಅನಿಸಿತು. ಹಾಜಿಯವರು ಕಡ್ಡಿಯ ತುದಿಯಲ್ಲಿ ಕಪ್ಪು ಬೆರೆಸಿದರು, ಮತ್ತೆ ನೋಡಿದರು. ದಾರಿಯಲ್ಲಿ ಮೂಟೆ ಹೊತ್ತು ಹೋಗುತ್ತಿದ್ದವನೊಬ್ಬ ನಿಂತು, "ಎಲೆ ಸ್ವಲ್ಪ ಕಪ್ಪು ಉಂಟು" ಎಂದು ಹೇಳಿ ಹೋದ. ಮತ್ತೆ ಒಂದು ಕಡ್ಡಿ. ಈಗ ಎಲೆ ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಶುರುವಾಯಿತು ಎಂದು ಹೇಳಲು ಬರಲಿಲ್ಲ.

ಬಿಸಿ ತಡೆಯುತ್ತದೋ ಇಲ್ಲವೋ? ಯಾರೋ ಹೇಳಿದ್ದನ್ನು ನಂಬಿ ಮಲಗುವ ಜಾತಿ ನನ್ನದಲ್ಲ. ಒಂದು ಡಬ್ಬದ ಮುಚ್ಚಳಕ್ಕೆ ಆ ಬಣ್ಣ ಹಚ್ಚಿ, ಮಾಮಿ ತುಳಸಿಕಟ್ಟೆಯ ಹತ್ತಿರ ಇದ್ದ ಹೊತ್ತು ನೋಡಿ, ಅವರ ದೋಸೆ ಕಾವಲಿಯ ಮೇಲಿಟ್ಟು ಒಲೆ ಹಚ್ಚಿದೆ. ಹೊಗೆ ಎದ್ದಿತು. ಜಗಲಿಯಿಂದ ಮಾಮನ ಧ್ವನಿ ಬಂತು: "ಒಗ್ಗರಣೆ ಸೀದುಹೋಯ್ತು! ಎಣ್ಣೆ ಹಳೆಯದು!"

ಮಾಮಿ ಓಡಿ ಬಂದು ಕಾವಲಿ ನೋಡಿದರು, ನನ್ನನ್ನು ನೋಡಿದರು.

"ಇದು ಎಂತ ಬೇಯಿಸುದು ನೀನು?"

"ಎಂಜಿನ್, ಮಾಮಿ."

"ನಾಳೆ ನಿನಗೆ ಇದೇ ಕಾವಲಿಯಲ್ಲಿ ದೋಸೆ. ಬೇರೆಯವರಿಗೆ ಬೇರೆ ಕಾವಲಿ."

ಆದರೆ ಮುಚ್ಚಳ ತಣ್ಣಗಾದ ಮೇಲೆ ನೋಡಿದರೆ ಬಣ್ಣ ಕಲ್ಲಾಗಿತ್ತು. ಉಗುರಿನಿಂದ ಕೆರೆದೆ, ಕೀಲಿಕೈಯಿಂದ ಕೆರೆದೆ, ಒಂದು ಗೆರೆಯೂ ಬೀಳಲಿಲ್ಲ. ಗುಳ್ಳೆ ಇಲ್ಲ, ಕಂದಿಲ್ಲ. ಡಬ್ಬವನ್ನು ಅವತ್ತೇ ಪೈಂಟರಿಗೆ ಮುಟ್ಟಿಸಿದೆ. ಬಣ್ಣದ ವಿಷಯದಲ್ಲಿ ನಾನು ನಿಶ್ಚಿಂತನಾದದ್ದು ಆ ಸಂಜೆ. ನಿಶ್ಚಿಂತನಾಗುವುದು ನನಗೆ ಒಗ್ಗಿ ಬರುವುದಿಲ್ಲ ಎಂದು ಆಗಲೇ ನೆನಪಾಗಬೇಕಿತ್ತು.

ಆಪರೇಷನ್ನಿನ ದಿವಸ ಮಾಮ ಬಿಳಿ ಪಂಚೆ ಉಟ್ಟು, ಮೆಟ್ಟಿಲು ಹತ್ತಿ, ತಿರುಗಿ ನಿಲ್ಲದೆ ಒಳಗೆ ಹೋದರು. ಹೋಗುವಾಗ ನನ್ನ ಕೈ ಹಿಡಿದಿದ್ದರು. ಬಾಗಿಲಿನಲ್ಲಿ ನರ್ಸು ಬಿಡಿಸಬೇಕಾಯಿತು. ಯಾರ ಕೈ ಯಾರು ಬಿಡಲಿಲ್ಲ ಎಂದು ಹೇಳಲಾರೆ. ಕರೆಂಟು ಹೋಗಲಿಲ್ಲ. ಯಾರೂ ಕೆಮ್ಮಲಿಲ್ಲ. ಹೊರಗೆ ಬೆಂಚಿನಲ್ಲಿ ಮಾಮಿ ಬಾಯಲ್ಲಿ ಏನೋ ಜಪಿಸುತ್ತಿದ್ದರು. ಬೆಂಚಿನ ಇನ್ನೊಂದು ತುದಿಯಲ್ಲಿ ಟೊಪ್ಪಿ ಹಾಕಿ ಕೂತ ಹಾಜಿಯವರ ತುಟಿಯೂ ಅಲುಗುತ್ತಿತ್ತು. ಇಬ್ಬರ ನಡುವೆ ಕೂತ ನಾನು ಪ್ರಾರ್ಥನೆಗೆ ಬಾಯಿ ತೆರೆದರೆ ವಿಮಾ ಪತ್ರದ ಷರತ್ತುಗಳೇ 'ದೈವಿಕ ವಿಪತ್ತು' ಎಂಬಲ್ಲಿಂದ ನೆನಪಿಗೆ ಬರುತ್ತಿದ್ದವು.

ಪಟ್ಟಿ ತೆಗೆದ ಮೇಲೂ ಕೂಡಲೇ ಕಾಣಲಿಲ್ಲ. ಆಗೆಲ್ಲ ಪೊರೆ ತೆಗೆದರೆ ಅದರ ಜಾಗಕ್ಕೆ ಏನೂ ಇಡುತ್ತಿರಲಿಲ್ಲ. ಭೂತಗನ್ನಡಿಯಷ್ಟು ದಪ್ಪದ ಕನ್ನಡಕ ಬರುವವರೆಗೆ ಮಂಜು ಮಂಜು. ಆ ದಿನಗಳು ಮಾಮನಿಗೆ ಕಷ್ಟವಾದವು. "ಬೆಳಕು ಉಂಟು ಅಳಿಯ, ಆದ್ರೆ ಬೆಳಕಿನಲ್ಲಿ ಎಂತ ಇಲ್ಲ" ಎಂದು ಒಮ್ಮೆ ಮೆಲ್ಲಗೆ ಹೇಳಿದರು. ಹಾಗೆ ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಕನ್ನಡಕ ಬಂತೆಂದು ತಿಳಿದು ಒಂದು ಬೆಳಗ್ಗೆ ಮಾಮನೂ ನಾನೂ ಹಂಪನಕಟ್ಟೆಯ ಕನ್ನಡಕದ ಅಂಗಡಿಗೆ ಹೋದೆವು. ಅಂಗಡಿಯವರು ಹಾಕಿಕೊಂಡು ಗೋಡೆಯ ಅಕ್ಷರ ಓದಿ ಎಂದರು.

"ಅದು ಆಮೇಲೆ" ಎಂದು ಮಾಮ ಕನ್ನಡಕವನ್ನು ಪೆಟ್ಟಿಗೆ ಸಮೇತ ಜೇಬಿಗೆ ಹಾಕಿದರು. "ಪಂಪ್‌ವೆಲ್‌ಗೆ ಹೋಗುವ."

ಎಂಜಿನ್ ಅವತ್ತು ಮಧ್ಯಾಹ್ನ ಕಾರಿನಲ್ಲಿ ಕೂತು, ಸಂಜೆಗೆ ಕಾರು ಮನೆಗೆ ಬರುವುದೆಂದು ಮಾತಾಗಿತ್ತು. ಮಾಮ ಸಂಜೆವರೆಗೆ ಕಾಯುವುದಿಲ್ಲ ಎಂದರು. ನಾನು ಅಂಗಡಿಯ ಫೋನಿನಿಂದ ಗ್ಯಾರೇಜಿಗೆ ಫೋನ್ ಮಾಡಿದೆ. ಪೈಂಟರೇ ಎತ್ತಿದ. ಹಿಂದಿನಿಂದ ಯಾರೋ ತಗಡು ಬಡಿಯುತ್ತಿದ್ದರು.

"ನಾವು ಈಗಲೇ ಬರ್ತಾ ಇದ್ದೇವೆ. ಎಂಜಿನ್ ಹೇಗುಂಟು?" ಎಂದು ಕಿರುಚಿದೆ.

"ಪಜಿ ಉಂಡು ಅಣ್ಣೆರೆ!" ಎಂದ ಆತ ತುಳುವಿನಲ್ಲಿ. "ನನಲಾ ಪಜಿ ಉಂಡು!"

ಪಜಿ ಎಂದರೆ ಹಸಿರು. ಇನ್ನೂ ಹಸಿರೇ ಇದೆ ಎನ್ನುತ್ತಿದ್ದಾನೆ. ಆತ ಕೊನೇ ಗಳಿಗೆಯಲ್ಲಿ ಕೆಂಪು ಬಳಿದುಬಿಟ್ಟಾನು ಎಂದು ಒಳಗೊಳಗೇ ಕುದಿಯುತ್ತಿದ್ದ ನನಗೆ ಇದಕ್ಕಿಂತ ಸಿಹಿ ಮಾತು ಇನ್ನೊಂದಿರಲಿಲ್ಲ. "ಬಹಳ ಸಂತೋಷ!" ಎಂದು ಫೋನ್ ಇಟ್ಟೆ. ಆ ಕಡೆಯಿಂದ ಆತ ಇನ್ನೂ ಏನೋ ಹೇಳುತ್ತಿದ್ದ.

ಗ್ಯಾರೇಜಿನ ನಡುವೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎಂಜಿನ್ ಕೂತಿತ್ತು. ಮಾಡಿನ ಗಾಜಿನ ಹೆಂಚಿನಿಂದ ಬಿಸಿಲು ಅದರ ಮೇಲೆ ಬಿದ್ದಿತ್ತು. ಪೈಂಟರು ಚಹಾಕ್ಕೆ ಹೋಗಿದ್ದ. ನಾನು ಮಾಮನನ್ನು ಎದುರಿಗೆ ನಿಲ್ಲಿಸಿದೆ. ಅವರು ಜೇಬಿನಿಂದ ಪೆಟ್ಟಿಗೆ ತೆಗೆದರು, ಒಂದು ಕಡ್ಡಿ ಕಿವಿಗೆ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ನಾನು ಸಿಕ್ಕಿಸಿದೆ. ದಪ್ಪ ಗಾಜಿನ ಹಿಂದೆ ಅವರ ಕಣ್ಣು ಒಮ್ಮೆಲೇ ಇಷ್ಟು ದೊಡ್ಡದಾಯಿತು.

ಅವರು ನೋಡಿದರು. ನಾನು ಅವರನ್ನು ನೋಡಿದೆ.

"ಸ್ವಲ್ಪ ನೀಲಿ ಹೊಡೀತದೆ" ಎಂದರು.

ನಾನು ಮನಸ್ಸಿನಲ್ಲೇ ಮತ್ತೆ ಹಳದಿಯ ಲೆಕ್ಕ ಶುರು ಮಾಡಿದೆ.

ಅವರು ತಲೆ ತಿರುಗಿಸಿ ನನ್ನನ್ನು ನೋಡಿದರು, ಗ್ಯಾರೇಜಿನ ಗೋಡೆ ನೋಡಿದರು, ತಮ್ಮ ಪಂಚೆ ನೋಡಿದರು. "ನಿನ್ನ ಅಂಗಿಯೂ ಹೊಡೀತದೆ. ನನ್ನ ಪಂಚೆಯೂ ಹೊಡೀತದೆ. ಹಾಜಿ ಹೇಳಿದ್ದ." ಮತ್ತೆ ಎಂಜಿನ್ ಕಡೆ ತಿರುಗಿದರು. "ಕೆಸು. ಇದೇ ಇದು. ಅಳಿಯ, ಇದೇ." ಸ್ಟ್ಯಾಂಡಿನ ಸುತ್ತ ಒಂದು ಸುತ್ತು ಬಂದರು, ದೇವಸ್ಥಾನದಲ್ಲಿ ಬರುವ ಹಾಗೆ, ಬಲದಿಂದಲೇ. ಅರ್ಧದಲ್ಲಿ ನಿಂತರು. ಬಗ್ಗಿದರು. ಟ್ಯಾಪೆಟ್ ಕವರಿನ ಹತ್ತಿರ ಮೂಗು ತಂದರು.

"ಇದು ಎಂತ? ಬ್ರಷ್ಷಿನ ರೋಮ! ಪೈಂಟಿನಲ್ಲಿ ರೋಮ ಅಂಟಿ ಉಂಟು. ಯಾರು ಇದನ್ನು ಪೈಂಟ್ ಮಾಡಿದ್ದು? ಕಣ್ಣು ಕಾಣುದಿಲ್ವಾ ಅವನಿಗೆ?"

ಒಂದು ಕೂದಲೆಳೆ. ನಾನು ಹತ್ತಿರ ಹೋಗಿ, ಎರಡು ಕಣ್ಣು ಕಿರಿದು ಮಾಡಿ ನೋಡಿದರೂ ನನಗೆ ಕೂಡಲೇ ಸಿಗಲಿಲ್ಲ. ಮಾಮ ಬೈಯುತ್ತಲೇ ಇದ್ದರು. ಹಳೆಯ ಧ್ವನಿಯಲ್ಲಿ, ಹೋಟೆಲಿನಲ್ಲಿ ಸಾರಿಗೆ ಉಪ್ಪು ಕಡಿಮೆಯಾದಾಗ ಬೈಯುತ್ತಿದ್ದ ಹಾಗೆ. ನಾನು ಅಳುತ್ತಾ ನಗುತ್ತಿದ್ದೆ. ಆಗ ಅವರು ಆ ರೋಮವನ್ನು ತೆಗೆಯಲು ಹೆಬ್ಬೆರಳು ಒತ್ತಿ ಉಜ್ಜಿದರು. ತೆಗೆದರು. ಬೆವರಿಗೆ ಮೂಗಿನ ಮೇಲೆ ಜಾರುತ್ತಿದ್ದ ಹೊಸ ಕನ್ನಡಕವನ್ನು ಅದೇ ಬೆರಳಿನಿಂದ ಮೇಲೆ ತಳ್ಳಿದರು.

"ಅಯ್ಯೋ ಅಳಿಯ! ಹೋಯ್ತು! ಎಂತ ಕಾಣುದಿಲ್ಲ! ಎಲ್ಲ ಹಸಿರು!"

ಹೊಲಿಗೆ ಬಿಟ್ಟಿತು ಎಂದುಕೊಂಡೆ. ಕಣ್ಣು ಹರಿಯಿತು ಎಂದುಕೊಂಡೆ. ರಿಕ್ಷಾ, ಆಸ್ಪತ್ರೆ, ಮಾಮಿಯ ಮುಖ ಎಲ್ಲ ಒಟ್ಟಿಗೆ ಬಂದವು. ಆ ಹೊತ್ತಿಗೆ ಚಹಾ ಮುಗಿಸಿ ಬಂದ ಪೈಂಟರು ಬಾಗಿಲಲ್ಲೇ ತಲೆಗೆ ಕೈ ಹೊತ್ತ.

"ಫೋನಿನಲ್ಲಿ ಬಡ್ಕೊಂಡೆನಲ್ಲ ಅಣ್ಣೆರೆ, ಪಜಿ ಉಂಡು, ಮುಟ್ಬೇಡಿ ಅಂತ! ಎಷ್ಟು ದಿವಸ ಇಟ್ರೂ ಈ ನಿಮ್ಮ ದುಬಾಯಿ ಪೈಂಟು ಒಣಗುದೇ ಇಲ್ಲ!"

ಪಜಿ ಎಂದರೆ ಹಸಿರು. ಪಜಿ ಎಂದರೆ ಹಸಿ ಕೂಡ. ಹಸಿ ಮೀನು ಪಜಿ, ಹಸಿ ಗೋಡೆ ಪಜಿ, ಒಣಗದ ಪೈಂಟೂ ಪಜಿ. ಹುಟ್ಟಿದಂದಿನಿಂದ ತುಳು ಮಾತಾಡಿದವನು ನಾನು. ಆ ಪೈಂಟಿಗೆ ಬಿಸಿ ತಾಗದೆ ಗಟ್ಟಿಯಾಗುವ ಗುಣ ಇರಲಿಲ್ಲ. ಅರಬ್ಬಿಯಲ್ಲಿ ಬರೆದದ್ದು ಬಹುಶಃ ಅದನ್ನೇ. ನನ್ನ ಮುಚ್ಚಳ ಕಲ್ಲಾದದ್ದು ಮಾಮಿಯ ಕಾವಲಿಯ ದೆಸೆಯಿಂದ; ಎಂಜಿನ್ ಇನ್ನೂ ಒಮ್ಮೆಯೂ ಕಾದಿರಲಿಲ್ಲ.

ಕನ್ನಡಕ ತೆಗೆದು ನೋಡಿದೆ. ಕಣ್ಣು ಸರಿಯಾಗಿಯೇ ಇತ್ತು, ನನ್ನನ್ನೇ ದಿಟ್ಟಿಸುತ್ತಿತ್ತು. ಬಲ ಗಾಜಿನ ಮೇಲೆ ದಪ್ಪನೆಯ ಹಸಿರು ಹೆಬ್ಬೆರಳು. ಪೈಂಟರು ಥಿನ್ನರ್ ಅದ್ದಿದ ಬಟ್ಟೆ ಹಿಡಿದು ಓಡಿ ಬಂದ. ಫ್ರೇಮ್ ಪ್ಲಾಸ್ಟಿಕ್ಕಿನದ್ದು, ಕರಗೀತು ಎಂದು ನಾನು ಅಡ್ಡ ನಿಂತೆ. ಮಾಮ ಇಬ್ಬರನ್ನೂ ಬದಿಗೆ ಸರಿಸಿ, ಪಂಚೆಯ ತುದಿಯಿಂದ ತಾವೇ ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಎಂಜಿನ್ನಿನ ಇನ್ನೊಂದು ಬದಿಯಲ್ಲಿ ಎಲ್ಲಾದರೂ ರೋಮ ಉಂಟಾ ಎಂದು ನೋಡಲು ಹೋದರು.

ಗಾಜು ಫ್ರೇಮಿಗೆ ಸೇರುವ ಮೂಲೆಯಲ್ಲಿ ಬೆರಳು ಹೋಗದ ಕಡೆ ಒಂದು ಹಸಿರು ಗೆರೆ ಉಳಿಯಿತು. ಹಾಳಾದದ್ದು ಅಷ್ಟೇ.